ಒಳಗೆ ಹರಳಿದೆಯೇ? ಬೆಣಚುಕಲ್ಲು ಒಡೆಯುವ ಮೊದಲು ತೂಕ ಹಾಕಿ

ಹೊಳೆಯ ನೀರು ಇಳಿದ ಕೂಡಲೇ ಬೆಣಚುಕಲ್ಲು ಹೆಕ್ಕುವವರು ಬರುತ್ತಾರೆ. ನೇತ್ರಾವತಿಯಲ್ಲೂ ಹಾಗೆ, ಸ್ವರ್ಣಾ ನದಿಯಲ್ಲೂ ಹಾಗೆ. ಒಳಗೆ ಹರಳು ಇದೆಯಾ ಅಂತ ನೋಡಲು ಅಲ್ಲೇ ಕಲ್ಲಿಗೆ ಕಲ್ಲು ಕುಟ್ಟುತ್ತಾರೆ. ಹರಳಿದ್ದರೆ ಅದೂ ಪುಡಿ. ಒಡೆಯದೆಯೇ ತಿಳಿಯಬಹುದು.

ಮೊದಲು ಕಲ್ಲನ್ನು ಖಾಲಿ ಬಾಟಲಿಯ ಗಾಜಿನ ಮೇಲೆ ಗೀರಿ. 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿನ ಗಡಸುತನ 7, ಗಾಜಿನದು ಸುಮಾರು 5.5. ಹಾಗಾಗಿ ಉಜ್ಜಿದರೂ ಹೋಗದ ಗೀರು ಬೀಳಬೇಕು. ಫೆಲ್ಡ್‌ಸ್ಪಾರ್ ಎಂಬ ಇನ್ನೊಂದು ಖನಿಜ ಕೂಡ ಗಾಜನ್ನು ಗೀರುತ್ತದೆ, ಆದರೆ ಅದು ಒಡೆದ ಕಡೆ ಚಪ್ಪಟೆಯಾಗಿ ಮಿನುಗುತ್ತದೆ. ಬೆಣಚುಕಲ್ಲು ಒಡೆದ ಬಾಟಲಿಯ ಹಾಗೆ ಬಾಗಿ ಬಾಗಿ ಒಡೆದಿರುತ್ತದೆ.

ಈಗ ತೂಕ. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಸಾಕು. ಕಲ್ಲು ಮಾತ್ರ ನೂರು ಗ್ರಾಮಿಗಿಂತ ಜಾಸ್ತಿ ಇರಲಿ, ಸಣ್ಣದಾದರೆ ಲೆಕ್ಕ ತಪ್ಪುತ್ತದೆ. ಒಣಗಿದ ಕಲ್ಲಿನ ತೂಕ ಬರೆದಿಟ್ಟುಕೊಳ್ಳಿ. ನೀರಿನ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಟ್ಟು ಕೈಯಲ್ಲೇ ಹಿಡಿದುಕೊಳ್ಳಿ. ತಳಕ್ಕೂ ತಾಗಬಾರದು, ಬದಿಗೂ ತಾಗಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ. ಕಲ್ಲನ್ನು ಪಾತ್ರೆಯೊಳಗೆ ಬಿಟ್ಟೇಬಿಡುತ್ತಾರೆ, ತಕ್ಕಡಿ ಕಲ್ಲಿನ ಪೂರ್ತಿ ತೂಕ ತೋರಿಸುತ್ತದೆ. ದಾರ ಅಲ್ಲಾಡಿಸಿ ಗಾಳಿಗುಳ್ಳೆ ಬಿಡಿಸಿ. ಆಮೇಲೆ ಕಾಣುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. 265 ಗ್ರಾಂ ಕಲ್ಲಿಗೆ 100 ಬಂದರೆ ಉತ್ತರ 2.65. ಗಟ್ಟಿ ಬೆಣಚುಕಲ್ಲು ನೀರಿಗಿಂತ ಇಷ್ಟೇ ಪಟ್ಟು ಭಾರ, ಅಂದರೆ ಒಳಗೂ ಗಟ್ಟಿ. 115 ಬಂದರೆ ಸುಮಾರು 2.3, ಅಂದರೆ ಒಳಗೆ ಪೊಳ್ಳಿದೆ. ಹೊರಗೆ ತೂತು ಕಂಡರೆ ಮೊದಲೇ ಮೇಣದಿಂದ ಮುಚ್ಚಿ. ನೀರು ಒಳಹೊಕ್ಕರೆ ಪೊಳ್ಳು ಕಲ್ಲೂ ಗಟ್ಟಿ ಕಲ್ಲಿನ ಲೆಕ್ಕವನ್ನೇ ಕೊಡುತ್ತದೆ. ಕಿವಿ ಹತ್ತಿರ ಅಲ್ಲಾಡಿಸಿ ನೋಡುವುದನ್ನು ನಂಬಬೇಡಿ. ಹರಳು ಗೋಡೆಗೆ ಅಂಟಿರುತ್ತದೆ, ಸದ್ದು ಎಲ್ಲಿಂದ ಬರಬೇಕು?

ಬಿಸಿನೀರಿನಲ್ಲಿ ಕರಗಿದ ಸಿಲಿಕಾ, ಅಂದರೆ ಬೆಣಚುಕಲ್ಲಿನ ಮೂಲವಸ್ತು, ಬಂಡೆಯ ಬಿರುಕಿಗೆ ಹೊಕ್ಕು, ಗೋಡೆಯಿಂದ ಒಳಮುಖವಾಗಿ ಹರಳುಗಟ್ಟುತ್ತದೆ. ಜಾಗ ಉಳಿದರೆ ಆರು ಮುಖದ ಹರಳು, ಚೂಪು ತುದಿ ಪೊಳ್ಳಿನ ಕಡೆಗೆ. ಜಾಗ ತುಂಬಿಹೋದರೆ ಬರೀ ಬಿಳಿ ಗಟ್ಟಿ. ನಮ್ಮ ಹೊಳೆಗಳಲ್ಲಿ ಸಿಗುವುದು ಜಾಸ್ತಿ ಈ ಗಟ್ಟಿ ಜಾತಿಯೇ. ದುಂಡನೆಯ ಹರಳುಗೂಡುಗಳು ಬೆಳೆಯುವುದು ಮಹಾರಾಷ್ಟ್ರದ ಕಪ್ಪು ಬಸಾಲ್ಟ್ ಬಂಡೆಯ ಗಾಳಿಗುಳ್ಳೆಗಳಲ್ಲಿ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವ ಗುಲಾಬಿ, ನೀಲಿ ಹರಳುಗೂಡು ಕಂಡರೆ ಕೊಳ್ಳಬೇಡಿ, ಬಣ್ಣ ಹಾಕಿದ್ದು ಅದು.

ಒಡೆಯಲೇಬೇಕೆಂದರೆ ಕಣ್ಣಿಗೆ ಕನ್ನಡಕ ಹಾಕಿ, ಕಲ್ಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಉಳಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಿಂದ ಮಾತ್ರ ಒಂದು ಚೂರೂ ತರಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ತೊಳೆಯಲು ಸಾಬೂನು ನೀರು, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೇಡವೇ ಬೇಡ. ಕೆಂಪು ಕಲೆ ಇದ್ದರೆ ಅದು ನಮ್ಮ ಮಣ್ಣಿನ ಕಬ್ಬಿಣದ್ದು, ಹಾಗೇ ಬಿಡಿ.