ಮಾತ್ರೆಯ ಸ್ಟ್ರಿಪ್ ಕೈಲಿ ಹಿಡಿದು ಆ್ಯಪ್‌ನಲ್ಲಿ ಹುಡುಕಿ

ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರ ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿದೆ. ತಿಂದ ತಿಂಡಿ, ನುಂಗಿದ ವಿಟಮಿನ್ ಮಾತ್ರೆ ಎಲ್ಲವನ್ನೂ ಬರೆದಿಡುವ ಟ್ರ್ಯಾಕಿಂಗ್ ಆ್ಯಪ್. ದೋಸೆ ಮೇಲೆ ಬಿದ್ದ ಬೆಣ್ಣೆಯ ಲೆಕ್ಕವನ್ನು ನಮ್ಮೂರಿನಲ್ಲಿ ಯಾರೂ ಪ್ರಾಮಾಣಿಕವಾಗಿ ಬರೆಯುವುದಿಲ್ಲ, ಅದು ಬಿಡಿ. ಮಾತ್ರೆಯ ಲೆಕ್ಕ ಮಾತ್ರ ಸರಿ ಇರಬೇಕು. ಆಗುತ್ತಿರುವುದೇನೆಂದರೆ, ಸರ್ಚ್‌ನಲ್ಲಿ ಮೊದಲು ಬಂದ ಹೆಸರನ್ನೇ ಒತ್ತಿಬಿಡುತ್ತಾರೆ. ಒಂದು ವಾರ ಕಳೆದ ಮೇಲೆ ‘ಕ್ಯಾಲ್ಸಿಯಂ ಜಾಸ್ತಿ ಆಗಿದೆಯಂತೆ’ ಎಂದು ಡಾಕ್ಟರ್ ಬರೆದ ಮಾತ್ರೆಯನ್ನೇ ನಿಲ್ಲಿಸುತ್ತಾರೆ.

1. ಮೊದಲು ಸ್ಟ್ರಿಪ್ ಹುಡುಕಿ

ಆ್ಯಪ್ ಆಮೇಲೆ. ಸ್ಟ್ರಿಪ್ ಅಥವಾ ಡಬ್ಬಿ ಕೈಯಲ್ಲಿರಲಿ. ನೆನಪಿನಿಂದ ಹುಡುಕಬೇಡಿ. ಮೆಡಿಕಲ್ ಶಾಪ್‌ನಲ್ಲಿ ಐದು ಮಾತ್ರೆ ಕೇಳಿದರೆ ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ಕಡೆ, ಅಂಶಗಳ ಪಟ್ಟಿ ಇನ್ನೊಂದು ಕಡೆ ಹರಿದುಹೋಗಿರುತ್ತದೆ. ಕೊಳ್ಳುವಾಗಲೇ ಇಡೀ ಸ್ಟ್ರಿಪ್‌ನ ಹಿಂಬದಿಯ ಫೋಟೋ ತೆಗೆದುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

2. ಆ್ಯಪ್ ಹಾಕಿಕೊಳ್ಳಿ

ಇದಕ್ಕೆ ವಿವರಣೆ ಬೇಡ. ದುಡ್ಡು ಕೊಡುವ ಪ್ಲಾನ್ ಈಗಲೇ ತೆಗೆದುಕೊಳ್ಳಬೇಡಿ, ಅಷ್ಟೇ.

3. ಬ್ರ್ಯಾಂಡ್ ಹೆಸರಿನಿಂದ ಹುಡುಕಬೇಡಿ

ನಮ್ಮಲ್ಲಿ ಒಂದೇ ಬ್ರ್ಯಾಂಡಿಗೆ ಫೋರ್ಟ್, ಪ್ಲಸ್, ಗೋಲ್ಡ್ ಅಂತ ಬಾಲಗಳು. ಒಂದೊಂದು ಬಾಲಕ್ಕೂ ಒಳಗಿನ ಸರಕು ಬೇರೆ. ಅಂಶದ ಹೆಸರು ಮತ್ತು ಪ್ರಮಾಣ ಹಾಕಿ ಹುಡುಕಿ: ‘ಕ್ಯಾಲ್ಸಿಯಂ 500’, ‘ಡಿ3 1000’. ಕನ್ನಡದಲ್ಲಿ ಟೈಪ್ ಮಾಡಿದರೆ ಹೆಚ್ಚಿನ ಆ್ಯಪ್‌ಗಳಲ್ಲಿ ಏನೂ ಬರುವುದಿಲ್ಲ, ಇಂಗ್ಲಿಷಿನಲ್ಲೇ ಹಾಕಬೇಕು.

ಸಿಗದಿದ್ದರೆ ಅದೇ ಅಂಶದ ಇನ್ನೊಂದು ಹೆಸರು ಹಾಕಿ ನೋಡಿ. ಸ್ಟ್ರಿಪ್ ಮೇಲೆ ಕೋಲೆಕ್ಯಾಲ್ಸಿಫೆರಾಲ್ ಅಂತಿದ್ದರೆ ಅದು ಡಿ3. ಮೀಥೈಲ್‌ಕೋಬಾಲಮಿನ್ ಇದ್ದರೆ ಬಿ12. ಪಿರಿಡಾಕ್ಸಿನ್ ಅಂದರೆ ಬಿ6, ಫೋಲಿಕ್ ಆ್ಯಸಿಡ್ ಅಂದರೆ ಬಿ9. ಉದ್ದದ ಹೆಸರುಗಳ ಮೊದಲ ಐದಾರು ಅಕ್ಷರ ಹಾಕಿದರೆ ಸಾಕು, ಪೂರ್ತಿ ಹಾಕಲು ಹೋದರೆ ಸ್ಪೆಲಿಂಗ್ ಕೈಕೊಡುತ್ತದೆ.

ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಆಯ್ತಲ್ವಾ ಅಂತ ಕೇಳುತ್ತೀರಿ. ಪ್ರೋಟೀನ್ ಪೌಡರ್ ಡಬ್ಬಿಗೆ ಆಗಬಹುದು. ಭಾರತದಲ್ಲಿ ನೋಂದಾಯಿಸಿದ ಬಾರ್‌ಕೋಡ್ 890ರಿಂದ ಶುರುವಾಗುತ್ತದೆ, ಆ ಸರಣಿ ಹೊರದೇಶದ ಆ್ಯಪ್‌ಗಳಲ್ಲಿ ಕಡಿಮೆ. ಮಾತ್ರೆಯ ಸ್ಟ್ರಿಪ್ ಮೇಲಂತೂ ಎಷ್ಟೋ ಸಲ ಬಾರ್‌ಕೋಡೇ ಇರುವುದಿಲ್ಲ. ಸ್ಕ್ಯಾನ್ ಆಗಿ ಏನಾದರೂ ಬಂದರೂ ಐದನೇ ಹಂತ ತಪ್ಪಿಸಬೇಡಿ.

4. ಫಿಲ್ಟರ್ ಒಂದೊಂದಾಗಿ ಹಾಕಿ

ಎಲ್ಲ ಫಿಲ್ಟರ್ ಒಟ್ಟಿಗೆ ಒತ್ತಿ ‘ಏನೂ ಸಿಗಲಿಲ್ಲ’ ಅನ್ನುವವರೇ ಜಾಸ್ತಿ. ಮೊದಲು ‘ಸಪ್ಲಿಮೆಂಟ್’ ಅನ್ನುವ ವಿಭಾಗ ಆರಿಸಿ. ಇಲ್ಲದಿದ್ದರೆ ಕ್ಯಾಲ್ಸಿಯಂ ಎಂದು ಹುಡುಕಿದವರಿಗೆ ಕ್ಯಾಲ್ಸಿಯಂ ಸೇರಿಸಿದ ಬಿಸ್ಕತ್ತು, ಹಾಲು ಎಲ್ಲ ಸಾಲಾಗಿ ಬರುತ್ತವೆ. ಆಮೇಲೆ ರೂಪ: ಮಾತ್ರೆ, ಕ್ಯಾಪ್ಸೂಲ್, ಸ್ಯಾಶೆ, ಸಿರಪ್. ಕೊನೆಗೆ ದೇಶ. ಇನ್ನೂ ಪಟ್ಟಿ ಉದ್ದ ಇದ್ದರೆ ಮಾತ್ರ ‘ವೆರಿಫೈಡ್’ ಒತ್ತಿ. ಆ ಟಿಕ್ ಗುರುತಿಗೆ ಮರುಳಾಗಬೇಡಿ. ಯಾರೋ ಯಾವಾಗಲೋ ನೋಡಿ ಸರಿ ಎಂದಿದ್ದಾರೆ, ಅಷ್ಟೇ. ಕಂಪನಿ ಆಮೇಲೆ ಪ್ರಮಾಣ ಬದಲಿಸಿದ್ದರೆ ಟಿಕ್‌ಗೆ ಅದು ಗೊತ್ತಾಗುವುದಿಲ್ಲ.

ಹಿಂದಿನ ಸಲ ಹಾಕಿದ ಫಿಲ್ಟರ್ ಕೆಲವು ಆ್ಯಪ್‌ಗಳಲ್ಲಿ ಹಾಗೇ ಉಳಿದಿರುತ್ತದೆ. ಹೊಸದಾಗಿ ಹುಡುಕುವ ಮುಂಚೆ ‘ಕ್ಲಿಯರ್’ ಒತ್ತಿ.

ಸಸ್ಯಾಹಾರಿಗಳು ಗಮನಿಸಿ. ‘ವೀಗನ್’ ಫಿಲ್ಟರ್ ಹಾಕಿದರೆ ಹಾಲಿನಿಂದ ಮಾಡಿದ ವೇ ಪ್ರೋಟೀನ್ ಕೂಡ ಮಾಯವಾಗುತ್ತದೆ. ನಿಮಗೆ ಬೇಕಾದದ್ದು ‘ವೆಜಿಟೇರಿಯನ್’. ಅದನ್ನೂ ಪೂರ್ತಿ ನಂಬಬೇಡಿ. ಮೆತ್ತಗಿನ ಕ್ಯಾಪ್ಸೂಲ್‌ಗಳ ಸಿಪ್ಪೆ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್. ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ತಿಳಿಯಬಹುದು, ಔಷಧಿಯಾಗಿ ಮಾರುವ ಕ್ಯಾಪ್ಸೂಲ್ ಮೇಲೆ ಆ ಚುಕ್ಕೆ ಇರುವುದು ಕಡಿಮೆ. ಫಾರ್ಮಸಿಸ್ಟ್ ಅವರನ್ನು ಕೇಳುವುದೇ ಸರಿ.

5. ಸಿಕ್ಕಿದ್ದು ನಿಮ್ಮದೇನಾ? ನಿಧಾನವಾಗಿ ನೋಡಿ

ಎಲ್ಲರೂ ಎಡವುವ ಜಾಗ ಇದು. ಹೆಸರು ಒತ್ತಿದ ಕೂಡಲೇ ‘ಸೇರಿಸು’ ಒತ್ತಬೇಡಿ. ವಿವರದ ಪುಟ ತೆರೆಯಿರಿ, ಪಕ್ಕದಲ್ಲಿ ಸ್ಟ್ರಿಪ್ ಇಟ್ಟುಕೊಳ್ಳಿ.

ಮೊದಲು ಕ್ಯಾಲ್ಸಿಯಂ. ಸ್ಟ್ರಿಪ್ ಮೇಲೆ ದೊಡ್ಡದಾಗಿ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಅಂತಿರುತ್ತದೆ. ಅದರ ಕೆಳಗೆ ಸಣ್ಣಗೆ ‘500 ಮಿ.ಗ್ರಾಂ ಎಲಿಮೆಂಟಲ್ ಕ್ಯಾಲ್ಸಿಯಂಗೆ ಸಮ’. 1250 ಭತ್ತ, 500 ಅಕ್ಕಿ ಅಂದುಕೊಳ್ಳಿ. ಆ್ಯಪ್‌ಗೆ ಬೇಕಾಗಿರುವುದು ಅಕ್ಕಿಯ ತೂಕ. ಕಾರ್ಬೊನೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದು ಶೇ 40ರಷ್ಟು, ಸಿಟ್ರೇಟ್‌ನಲ್ಲಿ ಶೇ 21ರಷ್ಟು. ಹಾಗಾಗಿ ‘ಕ್ಯಾಲ್ಸಿಯಂ 1250’ ಎಂಬ ಎಂಟ್ರಿ ಆರಿಸಿದರೆ ಒಂದೇ ಮಾತ್ರೆಗೆ ಎರಡೂವರೆ ಪಟ್ಟು ಲೆಕ್ಕ ಏರುತ್ತದೆ. ಕಬ್ಬಿಣಾಂಶದ ಮಾತ್ರೆಗೂ ಇದೇ ನಿಯಮ. ಫೆರಸ್ ಫ್ಯುಮರೇಟ್‌ನ ತೂಕ ಬೇಡ, ಎಲಿಮೆಂಟಲ್ ಐರನ್ ಎಷ್ಟು ಅಂತ ನೋಡಿ.

ಎರಡನೆಯದು ಅಳತೆ. ವಿಟಮಿನ್ ಡಿ ನಮ್ಮ ಸ್ಟ್ರಿಪ್‌ಗಳ ಮೇಲೆ ಐಯು (ಇಂಟರ್‌ನ್ಯಾಷನಲ್ ಯೂನಿಟ್) ಲೆಕ್ಕದಲ್ಲಿ, ಎಷ್ಟೋ ಆ್ಯಪ್‌ಗಳಲ್ಲಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಇರುತ್ತದೆ. 40 ಐಯು ಅಂದರೆ 1 ಮೈಕ್ರೋಗ್ರಾಂ. 1000 ಐಯು ಮಾತ್ರೆ 25 ಮೈಕ್ರೋಗ್ರಾಂ. ಡಾಕ್ಟರ್ ವಾರಕ್ಕೊಂದು ಬರೆಯುವ 60,000 ಐಯು ಸ್ಯಾಶೆ 1500 ಮೈಕ್ರೋಗ್ರಾಂ. ಇನ್ನು ಮಿಲಿಗ್ರಾಂ, ಮೈಕ್ರೋಗ್ರಾಂ ಅದಲು ಬದಲಾದರೆ ಸಾವಿರ ಪಟ್ಟು ವ್ಯತ್ಯಾಸ. 5 ಮಿಲಿಗ್ರಾಂ ಫೋಲಿಕ್ ಆ್ಯಸಿಡ್ ಅಂದರೆ 5000 ಮೈಕ್ರೋಗ್ರಾಂ. ಕನ್ನಡಕ ಹಾಕಿಕೊಂಡೇ ನೋಡಿ.

ಮೂರನೆಯದು ‘ಸರ್ವಿಂಗ್’. ಅಮೆರಿಕದ ಡಬ್ಬಿಗಳಲ್ಲಿ ಎರಡು ಮಾತ್ರೆ ಸೇರಿ ಒಂದು ಸರ್ವಿಂಗ್ ಆಗಿರುವುದುಂಟು. ನೀವು ಒಂದು ನುಂಗಿ ‘1’ ಎಂದು ಹಾಕಿದರೆ ಆ್ಯಪ್ ಎರಡು ಅಂದುಕೊಳ್ಳುತ್ತದೆ. ಮೀನೆಣ್ಣೆ ಕ್ಯಾಪ್ಸೂಲ್‌ನಲ್ಲೂ ಎಚ್ಚರ. 1000 ಮಿ.ಗ್ರಾಂ ಎಂಬುದು ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲ್‌ನಲ್ಲಿ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್‌ಎ ಎರಡೂ ಸೇರಿ 300 ಮಿ.ಗ್ರಾಂ ಆಸುಪಾಸು ಇರುತ್ತದೆ.

ಶೇಕಡಾ ಲೆಕ್ಕವನ್ನು ಮಾತ್ರ ನೋಡಲೇಬೇಡಿ. ಅಮೆರಿಕದ ಲೇಬಲ್‌ಗಳು ದಿನಕ್ಕೆ 1300 ಮಿ.ಗ್ರಾಂ ಕ್ಯಾಲ್ಸಿಯಂ ಎಂದು ಹಿಡಿದು ಲೆಕ್ಕ ಹಾಕುತ್ತವೆ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ದೊಡ್ಡವರಿಗೆ ಹೇಳಿದ್ದು 1000 ಮಿ.ಗ್ರಾಂ. ಅದೇ 500ರ ಮಾತ್ರೆ ಅಲ್ಲಿ ಶೇ 38, ಇಲ್ಲಿ ಶೇ 50. ಸೆಟ್ಟಿಂಗ್ಸ್‌ನಲ್ಲಿ ಗುರಿ ಬದಲಿಸಲು ಬರುತ್ತದೆ, ಬದಲಿಸಿಕೊಳ್ಳಿ.

ಹೊಂದುವ ಎಂಟ್ರಿ ಸಿಗಲಿಲ್ಲವಾ? ‘ಹತ್ತಿರದ್ದು’ ಆರಿಸಬೇಡಿ. ‘ಕಸ್ಟಮ್’ ಎಂಟ್ರಿ ಮಾಡಿ, ಐದು ನಿಮಿಷದ ಕೆಲಸ. ನನ್ನನ್ನು ಕೇಳಿದರೆ ಇದೇ ಒಳ್ಳೆಯ ದಾರಿ. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯನ್ನು ಆ್ಯಪ್‌ನಲ್ಲಿ ಹುಡುಕುತ್ತಾ ಕೂರಬೇಡಿ. 60 ಮಿ.ಗ್ರಾಂ ಎಲಿಮೆಂಟಲ್ ಐರನ್, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಎಂದು ನೀವೇ ತುಂಬಿ.

‘ಪ್ರೊಪ್ರೈಟರಿ ಬ್ಲೆಂಡ್’ ಅಂತ ಹತ್ತಾರು ಹೆಸರು ಬರೆದು ಒಂದೊಂದರ ಪ್ರಮಾಣ ಹೇಳದ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಯಾವ ಆ್ಯಪ್‌ನಲ್ಲೂ ಸರಿಯಾಗಿ ಬರೆಯಲು ಆಗುವುದಿಲ್ಲ. ಕೊಳ್ಳಲೇಬೇಡಿ. ಜಿಮ್‌ನಲ್ಲಿ ಸುಮ್ನೆ ಕೈಗಿಟ್ಟ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಲೈಸೆನ್ಸ್ ನಂಬರ್ ಇಲ್ಲದಿದ್ದರೆ ಅದನ್ನೂ ವಾಪಸ್ ಕೊಡಿ.

6. ಯಾವಾಗ ಅಂತ ಹಾಕಿ

ಆ್ಯಪ್ ತನ್ನಷ್ಟಕ್ಕೆ ತಾನೇ ‘ಪ್ರತಿದಿನ’ ಎಂದು ಹಾಕಿಕೊಂಡಿರುತ್ತದೆ. 60,000ದ ಸ್ಯಾಶೆಗೆ ಅದನ್ನು ‘ವಾರಕ್ಕೊಮ್ಮೆ’ ಮಾಡಿ, ಡಾಕ್ಟರ್ ಹೇಳಿದ ಕೊನೆಯ ವಾರದ ತಾರೀಖನ್ನೂ ಹಾಕಿ. ಜ್ಞಾಪನೆ ದಿನಾ ಬಂತು ಅಂತ ಮನೆಯ ಹಿರಿಯರು ದಿನಾ ಕುಡಿದರೆ ಅದು ಬರೀ ಲೆಕ್ಕದ ತಪ್ಪಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಬೇಕಾಗಬಹುದು. ಸ್ಯಾಶೆ ಕುಡಿದ ದಿನ ಗ್ರಾಫ್ ಕೆಂಪಾಗುತ್ತದೆ, ಗಾಬರಿ ಬೇಡ, ವಾರದ ಸರಾಸರಿ ನೋಡಿ. ಕಬ್ಬಿಣ, ಕ್ಯಾಲ್ಸಿಯಂ ಎರಡಕ್ಕೂ ಒಂದೇ ಹೊತ್ತು ಇಡಬೇಡಿ. ಕಬ್ಬಿಣದ ಮಾತ್ರೆಯನ್ನು ಚಹಾದಿಂದಲೂ ದೂರ ಇಡಿ.

7. ಫೇವರಿಟ್‌ಗೆ ಸೇರಿಸಿ

ನಕ್ಷತ್ರ ಒತ್ತಿದರೆ ಆಯ್ತು, ನಾಳೆಯಿಂದ ಹುಡುಕುವ ಕೆಲಸ ಇಲ್ಲ. ಹೊಸ ಸ್ಟ್ರಿಪ್ ತಂದಾಗ ಮಾತ್ರ ಅಂಕಿಗಳನ್ನು ಇನ್ನೊಮ್ಮೆ ಹೋಲಿಸಿ. ರಕ್ತ ಪರೀಕ್ಷೆಗೆ ಹೋಗುವ ದಿನ ಈ ಪಟ್ಟಿಯ ಸ್ಕ್ರೀನ್‌ಶಾಟ್ ಲ್ಯಾಬ್‌ನವರಿಗೆ ತೋರಿಸಿ. ಕೂದಲಿಗೆ ಅಂತ ತೆಗೆದುಕೊಳ್ಳುವ ಬಯೋಟಿನ್ ಜಾಸ್ತಿ ಇದ್ದರೆ ಥೈರಾಯ್ಡ್ ಮತ್ತು ಹೃದಯದ ಟ್ರೋಪೋನಿನ್ ಪರೀಕ್ಷೆಯ ಫಲಿತಾಂಶ ಏರುಪೇರಾಗಬಹುದು. ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ನಿಮ್ಮ ಡಾಕ್ಟರನ್ನೇ ಕೇಳಿ.