ಜರ್ಮನಿಯಲ್ಲಿ ನಿಮ್ಮ ಕಾರಿನ ಮೇಲೆ ಯಾರ ಕೈ, ಎಲ್ಲಿಯವರೆಗೆ? ಕೊಡಗಿನಿಂದ ಹೋದವರಿಗೊಂದು ಕೈಪಿಡಿ

ಹಳದಿ ಬೋರ್ಡಿನ ಗಾಡಿಯನ್ನು ಎಫ್‌ಸಿಗೆಂದು ಮಡಿಕೇರಿ ಆರ್‌ಟಿಒ ಮುಂದೆ ನಿಲ್ಲಿಸಿದವರಿಗೆ ಸ್ಪೀಡ್ ಗವರ್ನರ್ ಹೊಸದಲ್ಲ. ಅದಿದ್ದರೆ ಗಾಡಿ 80ರ ಮೇಲೆ ಏಳುವುದಿಲ್ಲ, ಎಷ್ಟು ತುಳಿದರೂ ಅಷ್ಟೇ. ಅಂಥವರ ಮಕ್ಕಳು ಜರ್ಮನಿಗೆ ಹೋಗಿ ಕಾರು ಕೊಳ್ಳುವಾಗ ಎರಡು ಸುದ್ದಿ ಒಟ್ಟಿಗೇ ಕಿವಿಗೆ ಬೀಳುತ್ತವೆ: ಹೊಸ ಕಾರಿನಲ್ಲಿ ವೇಗ ನೋಡಿಕೊಳ್ಳುವ ಉಪಕರಣ ಕಡ್ಡಾಯ, ಮನೆಯ ಚಾರ್ಜರನ್ನು ವಿದ್ಯುತ್ ಜಾಲದವರು ದೂರದಿಂದಲೇ ತಗ್ಗಿಸಬಹುದು. ಎರಡನ್ನೂ ಒಂದಕ್ಕೊಂದು ಗಂಟು ಹಾಕಿ, ‘ಇಂಧನ ಉಳಿಸಲು ಸರ್ಕಾರ ಎಲ್ಲೋ ಕೂತು ನಮ್ಮ ಕಾರು ನಡೆಸುತ್ತದಂತೆ’ ಎಂಬ ಮಾತು ವಾಟ್ಸಾಪ್‌ನಲ್ಲಿ ಗೋಣಿಕೊಪ್ಪದವರೆಗೂ ಬಂದು ಮುಟ್ಟುತ್ತದೆ.

ಹಾಗೇನೂ ಇಲ್ಲ. ಓಡುತ್ತಿರುವ ನಿಮ್ಮ ಕಾರಿನ ವೇಗವನ್ನು ದೂರದಿಂದ ತಗ್ಗಿಸುವ ಅಧಿಕಾರ ಜರ್ಮನಿಯಲ್ಲಿ ಯಾವ ಇಲಾಖೆಗೂ ಇಲ್ಲ. ದೂರದ ಕೈ ನಿಜವಾಗಿ ತಲುಪುವುದು ಚಾರ್ಜರಿಗೆ. ಅದಕ್ಕೂ ಮಿತಿಯಿದೆ, ಬದಲಿಗೆ ನಿಮಗೆ ದುಡ್ಡೂ ಸಿಗುತ್ತದೆ. ಅದಕ್ಕಿಂತ ಉದ್ದದ ಕೈ ಕಾರು ತಯಾರಿಸಿದವರದು. ಅದರ ಬಗ್ಗೆ ಯಾರೂ ಗಾಬರಿಯಾಗುವುದಿಲ್ಲ, ಆ್ಯಪ್‌ನಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿ ಮುಂದೆ ಹೋಗುತ್ತಾರೆ.

ಮೊದಲು ಚಾರ್ಜರ್

ಕಾಫಿ ಹೂವರಳಲೆಂದು, ಅಂದರೆ ಬ್ಲಾಸಂಗೆ, ಸ್ಪ್ರಿಂಕ್ಲರ್ ಹಾಕುವ ಫೆಬ್ರುವರಿ–ಮಾರ್ಚ್ ನೆನಪಿಸಿಕೊಳ್ಳಿ. ತ್ರೀ ಫೇಸ್ ಬರುವ ಹೊತ್ತಿಗೆ ಕಾದು ಮೋಟಾರ್ ಹಾಕಬೇಕು. ಕರೆಂಟು ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ. ಜರ್ಮನಿಯವರು ಇದೇ ಕಷ್ಟಕ್ಕೆ ಬೇರೆ ದಾರಿ ಹಿಡಿದಿದ್ದಾರೆ: ನಿಲ್ಲಿಸುವುದಿಲ್ಲ, ತೆಳುವಾಗಿಸುತ್ತಾರೆ. ಅಲ್ಲಿನ ಇಂಧನ ಕಾಯ್ದೆಯ 14ಎ ಕಲಮಿನ ಪ್ರಕಾರ 2024ರ ಜನವರಿ 1ರ ನಂತರ ಹಾಕಿಸಿದ, 4.2 ಕಿಲೋವ್ಯಾಟ್‌ಗಿಂತ ಹೆಚ್ಚು ಎಳೆಯುವ ಪ್ರತಿಯೊಂದು ಖಾಸಗಿ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಕಾರು ಚಾರ್ಜರ್) ‘ನಿಯಂತ್ರಿಸಬಲ್ಲ ಉಪಕರಣ’. ಬೀದಿಯ ಜಾಲದ ಮೇಲೆ ಹೊರೆ ಮಿತಿಮೀರಿದಾಗ ಜಾಲ ನಡೆಸುವವರು, ಅಂದರೆ ನೆಟ್ಸ್‌ಬೆಟ್ರೈಬರ್, ಅದನ್ನು 4.2 ಕಿಲೋವ್ಯಾಟ್‌ಗೆ ಇಳಿಸಬಹುದು. ಅದರ ಕೆಳಗೆ ಇಳಿಸುವಂತಿಲ್ಲ. ಮನೆಯ ದೀಪ, ಒಲೆ, ಫ್ರಿಜ್ಜಿಗೆ ಇದು ಸಂಬಂಧಿಸಿದ್ದಲ್ಲ. ಸಾರ್ವಜನಿಕ ಚಾರ್ಜಿಂಗ್ ಕಂಬಗಳಿಗೂ ಅನ್ವಯಿಸುವುದಿಲ್ಲ. ಮಾಡಿನ ಮೇಲೆ ಸೋಲಾರ್ ಇದ್ದರೆ ಅದರ ಕರೆಂಟನ್ನು ಈ ಮಿತಿಯ ಮೇಲೂ ಕಾರಿಗೆ ಹರಿಸಬಹುದು.

4.2 ಎಂಬ ಅಂಕಿ ಎಲ್ಲಿಂದ ಬಂತು? ಕಾರು ಚಾರ್ಜಿಂಗ್‌ನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಕನಿಷ್ಠ ಕರೆಂಟು 6 ಆಂಪಿಯರ್. ಮೂರು ಫೇಸ್, 230 ವೋಲ್ಟ್: 6 × 230 × 3 ಅಂದರೆ 4,140 ವ್ಯಾಟ್. ಅದಕ್ಕೂ ಕೆಳಗಿಳಿದರೆ ಮೂರು ಫೇಸಿನಲ್ಲಿ ಚಾರ್ಜಿಂಗ್ ನಿಂತೇ ಹೋಗುತ್ತದೆ. ನಿಲ್ಲದಿರುವ ಕನಿಷ್ಠ ಮಟ್ಟವನ್ನೇ ಕಾನೂನು ಹಿಡಿದುಕೊಂಡಿದೆ.

ಇದರಿಂದ ನಷ್ಟ ಎಷ್ಟು? 100 ಕಿ.ಮೀ.ಗೆ 18 ಯೂನಿಟ್ ಕುಡಿಯುವ ಕಾರೆಂದು ಇಟ್ಟುಕೊಳ್ಳಿ. 11 ಕಿಲೋವ್ಯಾಟ್‌ನಲ್ಲಿ ಎರಡು ಗಂಟೆಗೆ 22 ಯೂನಿಟ್, ಸುಮಾರು 120 ಕಿ.ಮೀ. ತಗ್ಗಿಸಿದಾಗ 8.4 ಯೂನಿಟ್, ಸುಮಾರು 47 ಕಿ.ಮೀ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಡೀ ಹೊತ್ತು ತಗ್ಗಿಸಿಯೇ ಇಟ್ಟರೂ 33 ಯೂನಿಟ್ ದಾಟುತ್ತದೆ, ಅಂದರೆ 180 ಕಿ.ಮೀ.ಗಿಂತ ಹೆಚ್ಚು. ಮಡಿಕೇರಿಯಿಂದ ಮೈಸೂರಿಗೆ ಹೋಗಲು ಧಾರಾಳ. ಸ್ವಾತಂತ್ರ್ಯದ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ದಿನದ ಓಡಾಟಕ್ಕೆ ಪೆಟ್ಟು ಬೀಳುವಷ್ಟೂ ಇಲ್ಲ.

ಇದಕ್ಕೆ ಪ್ರತಿಯಾಗಿ ಜಾಲ ಶುಲ್ಕದಲ್ಲಿ ರಿಯಾಯಿತಿ ಇದೆ. ಮೊದಲ ಮಾದರಿಯಲ್ಲಿ ವರ್ಷಕ್ಕೊಂದು ನಿಗದಿತ ಮೊತ್ತ, ಊರಿನ ಜಾಲ ನೋಡಿಕೊಂಡು ಸುಮಾರು 110ರಿಂದ 190 ಯೂರೋ. ಇರುವ ಮೀಟರೇ ಸಾಕು. ನೀವು ಏನನ್ನೂ ಆರಿಸದಿದ್ದರೆ ಇದೇ ಅನ್ವಯ. ಎರಡನೆಯದರಲ್ಲಿ ಪ್ರತಿ ಯೂನಿಟ್ಟಿನ ಜಾಲ ಶುಲ್ಕ ಶೇ. 60 ಕಡಿಮೆ, ಆದರೆ ವಾಲ್‌ಬಾಕ್ಸಿಗೆ ಪ್ರತ್ಯೇಕ ಮೀಟರ್ ಬೇಕು. ಜಾಲ ಶುಲ್ಕ ಯೂನಿಟ್ಟಿಗೆ 8 ಸೆಂಟ್ ಇದ್ದಲ್ಲಿ ಲೆಕ್ಕ ಹಾಕಿ: ಉಳಿತಾಯ 4.8 ಸೆಂಟ್. ಮೊದಲ ಮಾದರಿಯ 140 ಯೂರೋವನ್ನು ಇದು ಸರಿಗಟ್ಟಲು ಮನೆಯಲ್ಲೇ 3,000 ಯೂನಿಟ್ ಆಸುಪಾಸು ತುಂಬಿಸಬೇಕು, ಅಂದರೆ ವರ್ಷಕ್ಕೆ 16 ಸಾವಿರ ಕಿ.ಮೀ. ಓಡಬೇಕು. ಹೆಚ್ಚುವರಿ ಮೀಟರಿನ ಬಾಡಿಗೆ ಬೇರೆ. ಆಫೀಸಿಗೆ ರೈಲಿನಲ್ಲಿ ಹೋಗುವವರಿಗೆ ಮೊದಲನೆಯದೇ ಲೇಸು. 2025ರ ಏಪ್ರಿಲ್‌ನಿಂದ ಮೂರನೆಯದೂ ಬಂದಿದೆ: ದಿನದ ಹೊತ್ತಿಗೆ ತಕ್ಕಂತೆ ಮೂರು ದರ. ಇದನ್ನು ಮೊದಲ ಮಾದರಿಯ ಜೊತೆಗಷ್ಟೇ ತೆಗೆದುಕೊಳ್ಳಬಹುದು, ಸ್ಮಾರ್ಟ್ ಮೀಟರ್ ಇರಲೇಬೇಕು.

ಹಾಕಿಸುವ ಕ್ರಮ ಹೀಗೆ. ಬಾಡಿಗೆ ಮನೆಯಾದರೆ ಮೊದಲು ಮಾಲೀಕರಿಗೆ ಪತ್ರ ಬರೆದು ಒಪ್ಪಿಗೆ ಕೇಳಿ. 2020ರ ಡಿಸೆಂಬರಿನಿಂದ ಬಾಡಿಗೆದಾರರಿಗೆ ಚಾರ್ಜಿಂಗ್ ಸೌಲಭ್ಯ ಕೇಳುವ ಹಕ್ಕಿದೆ. ಖರ್ಚು ಮಾತ್ರ ನಿಮ್ಮದು. ಆಮೇಲೆ ಜಾಲದವರ ಪಟ್ಟಿಯಲ್ಲಿ ಹೆಸರಿರುವ ಎಲೆಕ್ಟ್ರಿಷಿಯನ್ನನ್ನೇ ಹಿಡಿಯಿರಿ. ‘ನಾನೇ ಕನೆಕ್ಷನ್ ಕೊಡುತ್ತೇನೆ, ಊರಲ್ಲಿ ಪಂಪ್‌ಸೆಟ್ಟಿಗೇ ಕೊಟ್ಟಿದ್ದೇನೆ’ ಎನ್ನುವ ಧೈರ್ಯ ಅಲ್ಲಿ ಬೇಡ. 11 ಕಿಲೋವ್ಯಾಟ್‌ನದಾದರೆ ಜಾಲದವರಿಗೆ ತಿಳಿಸಿದರೆ ಸಾಕು, 22ರದ್ದಾದರೆ ಅವರ ಅನುಮತಿ ಬೇಕು. ಅರ್ಜಿ ತುಂಬುವಾಗ 14ಎ ಎಂಬ ಕಡೆ ಗುರುತು ಹಾಕಿದ್ದಾರೆಯೇ ಎಂದು ನೀವೇ ಕಣ್ಣಾರೆ ನೋಡಿ. ವರ್ಷದ ಬಿಲ್ ಬಂದಾಗ ರಿಯಾಯಿತಿಯ ಸಾಲು ಪ್ರತ್ಯೇಕವಾಗಿ ಇರಬೇಕು. ಇಲ್ಲದಿದ್ದರೆ ಕರೆಂಟು ಮಾರುವ ಕಂಪನಿಗೆ ಬರೆದು ಕೇಳಿ. ಜಾಲದವರು ಕೊಡುವ ರಿಯಾಯಿತಿ ನಿಮಗೆ ತಲುಪುವುದು ಅವರ ಬಿಲ್ಲಿನ ಮೂಲಕವೇ.

ಬೆಳಿಗ್ಗೆ ಎದ್ದಾಗ ಬ್ಯಾಟರಿ ಅರ್ಧಕ್ಕೇ ನಿಂತಿದ್ದರೆ ಎಲ್ಲರೂ ಮೊದಲು ಬೈಯುವುದು ಜಾಲದವರನ್ನೇ. ಅದಕ್ಕೆ ಮುಂಚೆ ವಾಲ್‌ಬಾಕ್ಸಿನ ಆ್ಯಪ್‌ನಲ್ಲಿ ರಾತ್ರಿಯ ಕಿಲೋವ್ಯಾಟ್ ಗೆರೆ ನೋಡಿ. ಗೆರೆ 4.1–4.2ರಲ್ಲಿ ಚಪ್ಪಟೆಯಾಗಿದ್ದರೆ ಒಂದೋ ತಗ್ಗಿಸಿದ್ದಾರೆ, ಇಲ್ಲವೇ ಯಾರೋ ಸೆಟ್ಟಿಂಗ್‌ನಲ್ಲಿ 6 ಆಂಪಿಯರ್ ಇಟ್ಟುಬಿಟ್ಟಿದ್ದಾರೆ. 3.7 ಎಂದಿದ್ದರೆ ಒಂದೇ ಫೇಸ್ ಬರುತ್ತಿದೆ: ಕೇಬಲ್ ಒಂದು ಫೇಸಿನದಿರಬಹುದು, ಫ್ಯೂಸ್ ಹೋಗಿರಬಹುದು, ಕಾರಿನೊಳಗಿನ ಚಾರ್ಜರೇ ಅಷ್ಟಿರಬಹುದು. ಸೊನ್ನೆಯಾದರೆ ಹೆಚ್ಚಾಗಿ ಟೈಮರಿನ ಜಗಳ: ಕಾರಿನಲ್ಲೂ ಹೊತ್ತು ಇಟ್ಟು ವಾಲ್‌ಬಾಕ್ಸಿನಲ್ಲೂ ಇಟ್ಟರೆ ಎರಡೂ ಒಪ್ಪುವ ಗಳಿಗೆ ಬರುವುದೇ ಇಲ್ಲ. ಒಂದರಲ್ಲಿ ಮಾತ್ರ ಇಡಿ. ಇನ್ನೊಂದು ಕಾರಣ ಸ್ವಲ್ಪ ಒಳಗಿನದು: ನಿಯಂತ್ರಣದ ತಂತಿಯನ್ನು ‘ತಗ್ಗಿಸು’ ಎನ್ನುವ ಬದಲು ‘ನಿಲ್ಲಿಸು’ ಎಂಬಂತೆ ಜೋಡಿಸಿದ್ದರೆ ಚಾರ್ಜಿಂಗ್ ಕಡಿದುಹೋಗುತ್ತದೆ, ನಿದ್ದೆಗೆ ಜಾರಿದ ಕಾರು ಮತ್ತೆ ಏಳುವುದಿಲ್ಲ. ಇದು ಎಲೆಕ್ಟ್ರಿಷಿಯನ್ ಸರಿಪಡಿಸಬೇಕಾದ ತಪ್ಪು.

ಪೀಂ ಪೀಂ ಎನ್ನುವ ವೇಗ ಸಹಾಯಕ

2024ರ ಜುಲೈ 7ರಿಂದ ಯುರೋಪ್ ಒಕ್ಕೂಟದಲ್ಲಿ ನೋಂದಣಿಯಾಗುವ ಪ್ರತಿ ಹೊಸ ಕಾರಿನಲ್ಲೂ ಈ ಉಪಕರಣ ಇರಲೇಬೇಕು. ಕನ್ನಡಿಯ ಹಿಂದಿನ ಕ್ಯಾಮೆರಾ ಫಲಕ ಓದುತ್ತದೆ, ನಕ್ಷೆಯ ಮಾಹಿತಿಯೊಂದಿಗೆ ತಾಳೆ ನೋಡುತ್ತದೆ, ಮಿತಿ ದಾಟಿದರೆ ಎಚ್ಚರಿಸುತ್ತದೆ. ಕೆಲವು ಕಾರುಗಳಲ್ಲಿ ಸದ್ದು, ಕೆಲವದರಲ್ಲಿ ಆಕ್ಸಿಲರೇಟರ್ ಪೆಡಲ್ ಕಾಲನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ ಬಲವನ್ನೇ ಮೆಲ್ಲಗೆ ಇಳಿಸುವ ಬಗೆಯೂ ಇದೆ. ಅದನ್ನೂ ಪೆಡಲ್ ಗಟ್ಟಿಯಾಗಿ ಒತ್ತಿ ಮೀರಬಹುದು. ನಮ್ಮ ಗವರ್ನರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬೇಡವಾದರೆ ಆಫ್ ಮಾಡಬಹುದು, ಆದರೆ ಮತ್ತೊಮ್ಮೆ ಸ್ಟಾರ್ಟ್ ಮಾಡಿದಾಗ ತಾನಾಗಿಯೇ ಆನ್ ಆಗುತ್ತದೆ. ಸದ್ದೇ ಬೇಡವೆನ್ನುವವರು 2022ಕ್ಕೂ ಹಿಂದಿನ ಸೆಕೆಂಡ್ ಹ್ಯಾಂಡ್ ಕಾರು ನೋಡಬಹುದು; ಹಳೆಯದಕ್ಕೆ ಜೋಡಿಸಿಕೊಳ್ಳಬೇಕೆಂಬ ನಿಯಮವಿಲ್ಲ.

ಇದು ತಪ್ಪು ಓದುವುದೂ ಉಂಟು. ಫಲಕದ ಕೆಳಗೆ ‘ಒದ್ದೆಯಿದ್ದಾಗ ಮಾತ್ರ’ ಎಂದೋ ಶಾಲೆಯ ಮುಂದೆ ‘7ರಿಂದ 17 ಗಂಟೆ’ ಎಂದೋ ಇರುವ ಚಿಕ್ಕ ಫಲಕ, ಪಕ್ಕದ ರಸ್ತೆಯ 30ರ ಫಲಕ, ಲಾರಿಯ ಬೆನ್ನಿಗಂಟಿಸಿದ 80ರ ಚೀಟಿ, ರಸ್ತೆ ಕೆಲಸದ ತಾತ್ಕಾಲಿಕ ಫಲಕ ಇವೆಲ್ಲ ಅದನ್ನು ದಾರಿ ತಪ್ಪಿಸುತ್ತವೆ. ಚಳಿಗಾಲದಲ್ಲಿ ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಉಪ್ಪು, ಕೆಸರು ಕೂತರೆ ಇನ್ನೂ ಕಷ್ಟ. ಕಾರು 50 ಎಂದು ತೋರಿಸಿತ್ತು ಎಂಬ ಸಬೂಬು ನಡೆಯುವುದಿಲ್ಲ. ಫಲಕ ಓದುವ ಹೊಣೆ ಚಾಲಕನದೇ. ಊರೊಳಗೆ 10 ಕಿ.ಮೀ.ವರೆಗೆ ಹೆಚ್ಚಾದರೆ 30 ಯೂರೋ, 16ರಿಂದ 20 ಹೆಚ್ಚಾದರೆ 70, 21ರಿಂದ 25 ಹೆಚ್ಚಾದರೆ 115 ಯೂರೋ ಜೊತೆಗೆ ಒಂದು ಪಾಯಿಂಟ್. ಎಂಟು ಪಾಯಿಂಟ್ ಆದರೆ ಲೈಸೆನ್ಸ್ ಹೋಯಿತು. ಹಾಗೆಂದು ವೇಗ ಹಿಡಿಯುವ ರಸ್ತೆಬದಿಯ ಕ್ಯಾಮೆರಾ ಎಲ್ಲಿದೆ ಎಂದು ಹೇಳುವ ಆ್ಯಪ್ ಓಡಿಸಬೇಡಿ, ಅದಕ್ಕೇ 75 ಯೂರೋ ಮತ್ತು ಒಂದು ಪಾಯಿಂಟ್.

ಅಂದಹಾಗೆ ಲೈಸೆನ್ಸ್. ಕೊಡಗಿನ ಕೆಎ-12ರ ಲೈಸೆನ್ಸ್ ಜರ್ಮನಿಯಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳು ನಡೆಯುತ್ತದೆ, ಜೊತೆಯಲ್ಲಿ ಜರ್ಮನ್ ಅನುವಾದ ಇರಲಿ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ಕೊಟ್ಟೇ ತೀರಬೇಕು. ಸಂಪಾಜೆ ಘಾಟಿಯಲ್ಲಿ ಮಳೆಗಾಲದಲ್ಲಿ ಓಡಿಸಿದ ಅನುಭವಕ್ಕೆ ಅಲ್ಲಿ ಅಂಕವಿಲ್ಲ.

ಇಂಧನ ಉಳಿಸಲು ವೇಗ ಕಟ್ಟುವ ಮಾತು ಆ ದೇಶಕ್ಕೆ ಹಳೆಯದು. 1973ರ ತೈಲ ಬಿಕ್ಕಟ್ಟಿನಲ್ಲಿ ನವೆಂಬರ್ 25 ಮತ್ತು ಡಿಸೆಂಬರ್ 2, 9, 16, ಈ ನಾಲ್ಕು ಭಾನುವಾರ ಪಶ್ಚಿಮ ಜರ್ಮನಿಯಲ್ಲಿ ಖಾಸಗಿ ಕಾರು ರಸ್ತೆಗಿಳಿಯುವಂತಿರಲಿಲ್ಲ. ಆಟೋಬಾನ್‌ನಲ್ಲಿ 100ರ ಮಿತಿ ಬಂತು, 1974ರ ಮಾರ್ಚ್‌ನಲ್ಲಿ ಹೋಯಿತು. ‘ಸ್ವತಂತ್ರ ನಾಗರಿಕರಿಗೆ ಅಡೆತಡೆಯಿಲ್ಲದ ಓಟ’ ಎಂಬ ಘೋಷಣೆಯನ್ನು ಅಲ್ಲಿನ ವಾಹನ ಸಂಘ ಎಡಿಎಸಿ ಎತ್ತಿದ್ದು ಆಗಲೇ. 1978ರಿಂದ ಫಲಕವಿಲ್ಲದ ಕಡೆ 130 ಎಂಬುದು ಬರೀ ಸಲಹೆ. ಆದರೆ ಆ ಸಲಹೆಗೂ ಹಲ್ಲಿದೆ: ಅದಕ್ಕಿಂತ ವೇಗವಾಗಿ ಹೋಗುವಾಗ ಅಪಘಾತವಾದರೆ, ತಪ್ಪು ಎದುರಿನವರದೇ ಆದರೂ ನಷ್ಟದ ಒಂದು ಪಾಲು ನಿಮ್ಮ ತಲೆಗೆ ಬರಬಹುದು. ಇಂಧನದ ಲೆಕ್ಕವಂತೂ ಸರಳ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 110ರಿಂದ 130ಕ್ಕೆ ಏರಿದರೆ ಸುಮಾರು ಶೇ. 40 ಹೆಚ್ಚು. ಇದನ್ನು ಉಳಿಸಲು ಯಾವ ಉಪಕರಣವೂ ಬೇಡ, ಕಾಲು ಸಾಕು.

ಲೆಕ್ಕ ಬರೆಯುವ ಮೀಟರು, ಬೀಗ ಹಾಕುವ ಆ್ಯಪ್

2021ರ ಜನವರಿಯಿಂದ ನೋಂದಣಿಯಾದ ಪೆಟ್ರೋಲ್, ಡೀಸೆಲ್, ಪ್ಲಗ್-ಇನ್ ಹೈಬ್ರಿಡ್ (ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ) ಕಾರುಗಳು ಒಟ್ಟು ಎಷ್ಟು ಇಂಧನ ಕುಡಿದು ಎಷ್ಟು ಕಿ.ಮೀ. ಓಡಿದವೆಂದು ತಮ್ಮೊಳಗೇ ಬರೆದಿಡುತ್ತವೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ನಡೆಯುವ ತಪಾಸಣೆಯಲ್ಲಿ ಈ ಅಂಕಿಯನ್ನು ಚಾಸಿಸ್ ಸಂಖ್ಯೆಯೊಂದಿಗೆ ತೆಗೆದುಕೊಳ್ಳುತ್ತಾರೆ. ಎಲ್ಲಿಗೆ ಹೋದಿರಿ ಎಂಬುದು ಅದರಲ್ಲಿಲ್ಲ. ಕೊಡಲು ಮನಸ್ಸಿಲ್ಲದಿದ್ದರೆ ಕಾರು ಒಪ್ಪಿಸುವಾಗಲೇ ‘ಬೇಡ’ ಎನ್ನಬಹುದು, ತಪಾಸಣೆಗೆ ತೊಂದರೆಯಿಲ್ಲ. ಕೊಟ್ಟರೆ ಒಳ್ಳೆಯದೆಂಬುದು ನಮ್ಮ ಎಣಿಕೆ: ಪ್ಲಗ್-ಇನ್ ಹೈಬ್ರಿಡ್‌ಗಳು ಕಾಗದದಲ್ಲಿ ಹೇಳಿದ್ದಕ್ಕಿಂತ ಸರಾಸರಿ ಮೂರೂವರೆ ಪಟ್ಟು ಕುಡಿಯುತ್ತವೆಂದು 2024ರಲ್ಲಿ ಯುರೋಪ್ ಆಯೋಗ ಹೇಳಿದ್ದು ಇಂಥ ಅಂಕಿಗಳಿಂದಲೇ.

ಈಗ ಉದ್ದದ ಕೈ. ತಯಾರಕರ ಆ್ಯಪ್ ಕಾರಿನ ಬೀಗ ತೆಗೆಯುತ್ತದೆ, ಹಾಕುತ್ತದೆ, ಎಲ್ಲಿದೆಯೆಂದು ತೋರಿಸುತ್ತದೆ, ಚಾರ್ಜಿಂಗ್ ನಿಲ್ಲಿಸುತ್ತದೆ. ಸಾಲ, ಲೀಸ್ ಇರುವ ಕಡೆ ಈ ಕೈ ಎಷ್ಟು ದೂರ ಹೋಗಬಹುದು? 2022ರ ಅಕ್ಟೋಬರ್ 26ರಂದು ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬ್ಯಾಟರಿ ಬಾಡಿಗೆಗೆ ಕೊಟ್ಟವರು, ಕರಾರು ಮುಗಿಸಿದ ಮೇಲೆ ಅದು ಮತ್ತೆ ಚಾರ್ಜ್ ಆಗದಂತೆ ದೂರದಿಂದ ತಡೆಯಬಹುದೆಂದು ಷರತ್ತಿನಲ್ಲಿ ಬರೆದುಕೊಂಡಿದ್ದರು. ಆ ಷರತ್ತು ಊರ್ಜಿತವಲ್ಲ ಎಂದಿತು ನ್ಯಾಯಾಲಯ. ಬ್ಯಾಟರಿ ಇಲ್ಲದೆ ಇಡೀ ಕಾರೇ ನಿಲ್ಲುತ್ತದೆ, ಕಾರು ಬಾಡಿಗೆದಾರನ ಸ್ವಂತದ್ದು. ಬಾಕಿಯೋ ತಕರಾರೋ ಇದ್ದರೆ ನ್ಯಾಯಾಲಯಕ್ಕೆ ಹೋಗಬೇಕು, ಬಟನ್ ಒತ್ತಿ ವಸೂಲಿ ಮಾಡುವಂತಿಲ್ಲ. ಲೀಸ್ ಕರಾರಿನಲ್ಲಿ ದೂರದಿಂದ ತಡೆಯುವ ಮಾತು ಕಂಡರೆ ಸಹಿಗೆ ಮುಂಚೆ ಗ್ರಾಹಕ ಸಲಹಾ ಕೇಂದ್ರದಲ್ಲಿ ತೋರಿಸಿ.

ನಿಮ್ಮ ಬಗ್ಗೆ ಏನೇನು ಮಾಹಿತಿ ಇಟ್ಟಿದ್ದೀರೆಂದು ತಯಾರಕರನ್ನು ಪತ್ರ ಬರೆದು ಕೇಳಬಹುದು. ಯುರೋಪಿನ ಡೇಟಾ ರಕ್ಷಣೆ ನಿಯಮ ಜಿಡಿಪಿಆರ್‌ನ 15ನೇ ವಿಧಿ ಹೆಸರಿಸಿ ಕೇಳಿ. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರಿಸಬೇಕು, ಶುಲ್ಕವಿಲ್ಲ. 112ಕ್ಕೆ ತಾನೇ ಕರೆ ಮಾಡುವ ಇ-ಕಾಲ್ ಬೇರೆ: ಅದು ಅಪಘಾತವಾದಾಗ, ಇಲ್ಲವೇ ನೀವೇ ಬಟನ್ ಒತ್ತಿದಾಗ ಮಾತ್ರ ಎಚ್ಚರಗೊಳ್ಳುತ್ತದೆ, ಅದನ್ನು ಕೀಳಿಸಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡ ದಿನವೇ ಸೆಟ್ಟಿಂಗ್‌ನಲ್ಲಿ ಹಳೆಯ ಮಾಲೀಕರ ಖಾತೆ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿ ನಿಂತಿದೆಯೆಂದು ಅವರ ಫೋನಿಗೆ ತಿಳಿಯುತ್ತಲೇ ಇರುತ್ತದೆ. ಊರಿಗೆ ಮರಳುವಾಗ ಇದೇ ಕೆಲಸ ತಿರುಗುಮುರುಗು: ಖಾತೆಯಿಂದ ಕಾರು ತೆಗೆಯಿರಿ, ನೋಂದಣಿ ರದ್ದು ಮಾಡಿಸಿ, ವಾಲ್‌ಬಾಕ್ಸ್ ಬಿಟ್ಟು ಹೋಗುವುದಾದರೆ ಜಾಲದವರಿಗೂ ಮನೆ ಮಾಲೀಕರಿಗೂ ಬರವಣಿಗೆಯಲ್ಲಿ ತಿಳಿಸಿ, ಆ ವರ್ಷದ ರಿಯಾಯಿತಿಯ ಪಾಲು ಕೊನೆಯ ಬಿಲ್ಲಿನಲ್ಲಿ ಕಳೆದಿದ್ದಾರೆಯೇ ನೋಡಿಕೊಳ್ಳಿ.