ಮಳೆಗಾಲದಲ್ಲಿ ವ್ಯಾನ್ ಒಳಗಿನ ತೇವ
ಸಕಲೇಶಪುರ, ಮೂಡಿಗೆರೆ ಕಡೆ ಕ್ಯಾಂಪರ್ ವ್ಯಾನ್‌ನಲ್ಲೇ ಸಂಸಾರ ಮಾಡುವವರಿಗೆ ಒಂದು ಮಾತು. ಎಲ್ಲೂ ಸೋರದಿದ್ದರೂ ಬೆಳಿಗ್ಗೆ ಗಾಜೆಲ್ಲಾ ಒದ್ದೆ ಇರುತ್ತದೆ, ಅಲ್ವಾ? ಅದು ನಮ್ಮ ಉಸಿರು ಮತ್ತು ಅಡುಗೆಯ ಆವಿ. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.5 ಲೀಟರ್ ನೀರು ಆವಿಯಾಗಿ ಬರುತ್ತದೆ. ಅನ್ನ, ಸಾರು ಕುದಿಯುವ ಹಬೆ ಬೇರೆ!

ಹಾಗಾಗಿ ಒಲೆ ಹಚ್ಚುವ ಮೊದಲೇ ಎದುರುಬದುರು ಎರಡು ಕಿಟಕಿ ಬೆರಳಗಲ ತೆರೆಯಿರಿ. ಚಳಿ ಅಂತ ಮುಚ್ಚಿ ಒಲೆ ಉರಿಸಿದರೆ ವಿಷಗಾಳಿಯ ಅಪಾಯವೂ ಇದೆ. ಮಲಗುವಾಗಲೂ ಸ್ವಲ್ಪ ಸಂದಿ ಇರಲಿ. ಎದ್ದ ತಕ್ಷಣ ಗಾಜು ಒರೆಸಿ, ಬಟ್ಟೆಯನ್ನು ಹೊರಗೆ ಹಿಂಡಿ. ಹಾಸಿಗೆ ಎತ್ತಿ ನಿಲ್ಲಿಸಿ. ನಾನು ಒಂದು ವಾರ ಸೋಮಾರಿತನ ಮಾಡಿದೆ, ಅಡಿಯಲ್ಲಿ ಬೂಷ್ಟು! ಒದ್ದೆ ಬಟ್ಟೆಯನ್ನಂತೂ ಒಳಗೆ ಒಣಗಿಸಬೇಡಿ. ಹಾಸನಕ್ಕೆ ಹೋದಾಗ ಲಾಂಡ್ರಿಗೆ ಕೊಡಿ.